ಸಜ್ಜಿ ಬೀಸುವ ದಿನ

ಗಿರಣಿಯ ಸದ್ದಿನಲ್ಲಿ ಮಹಾದೇವಪ್ಪನ ಮಾತು ಅರ್ಧ ಕಾಳಾಗಿ, ಅರ್ಧ ಹಿಟ್ಟಾಗಿ ಬರುತ್ತಿತ್ತು. ಖುರ್ಷಿದಬೇಗಂ ಒಂದು ಕಿವಿಗೆ ಫೋನು ಒತ್ತಿಕೊಂಡು, ಇನ್ನೊಂದಕ್ಕೆ ಸೆರಗಿನ ತುದಿ ತುರುಕಿಕೊಂಡು ಅಂಗಳದ ಮೂಲೆಗೆ ಹೋಗಿ ನಿಂತಳು.

"ಬೀಸಾಕ ಮಂದಿ ಬಂದಾರೇನ್ರಿ ಅಣ್ಣಾ? ಜ್ವಾಳ ಅಲ್ಲ, ಸಜ್ಜಿ."

"ಬಂದಾರೇನು, ಪಾಳಿ ಹಚ್ಯಾರ. ಬೇವಿನ ಗಿಡದ ತನಕಾ ಡಬ್ಬಿ ಇಟ್ಟಾರ. ಯಾಕ್ರಿ ಬಾಯಿ, ನಿಮ್ದೂ ಬೀಸೂದದ ಏನು?"

"ಇಲ್ರಿ. ಸುಮ್ಮ ಕೇಳಿದೆ."

"ಅಫಜಲಪುರದಾಗ ಕೂತು ಗೊಬ್ಬೂರದ ಗಿರಣಿ ಯಾರ ಸುಮ್ಮ ಕೇಳ್ತಾರ?" ಎಂದು ಮಹಾದೇವಪ್ಪ ನಕ್ಕ. ನಗುವೂ ಹಿಟ್ಟಾಗಿಯೇ ಬಂತು.

ಅವಳು ಸುಮ್ಮನೆ ಕೇಳಿದ್ದಲ್ಲ. ಎಳ್ಳಮಾಸಿ ಹತ್ತಿರ ಬಂದಿತ್ತು. ಆ ಸೀಮೆಯ ಜನವೆಲ್ಲ ಸಜ್ಜೆಯ ಕಡುಬು, ಸಜ್ಜೆಯ ರೊಟ್ಟಿ, ಸಿಕ್ಕಿದ ಸೊಪ್ಪು, ಸುಲಿದ ಹಸಿಕಾಳು ಎಲ್ಲ ಹಾಕಿ ಕುದಿಸಿದ ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿಗೆ ಚರಗವೆಂದು ಒಂದಿಷ್ಟು ಚೆಲ್ಲಿ, ಗಿಡದ ನೆರಳಿಗೆ ಕೂತು ಏಳಲಾಗದಷ್ಟು ಉಣ್ಣುವ ಅಮಾವಾಸ್ಯೆ ಅದು. ಭಜ್ಜಿಗೆ ಬೇಕಾದ ಮೆಂತ್ಯ, ಪಾಲಕ, ಹಸಿಕಡಲೆ, ತೊಗರಿಕಾಯಿ, ಅವರೆ, ಬದನೆ ಎಲ್ಲ ಒಂದು ಕಾಲಕ್ಕೆ ಅದೇ ಹೊಲದಲ್ಲಿ ಸಿಗುತ್ತಿದ್ದವು. ಈಗ ಭೀಮೆಯ ನೀರು ಹತ್ತಿದ ಕಡೆಯೆಲ್ಲ ಕಬ್ಬು. ಕಬ್ಬನ್ನು ಭಜ್ಜಿಗೆ ಹಾಕಲು ಬರುವುದಿಲ್ಲ. ಆದ್ದರಿಂದ ಆಳಂದದ ಕಡೆಯ ಬಾವಿ ತೋಟಗಳ ಪಲ್ಯ, ಅಂದರೆ ಸೊಪ್ಪು ತರಕಾರಿ, ಅಫಜಲಪುರಕ್ಕೆ ಬಂದು, ಅವಳ ಗಂಡ ಬಾಗವಾನ ಯಾಕೂಬಸಾಬನ ಟಂಟಂ ಗಾಡಿ ಹತ್ತಿ, ಊರೂರಿನ ಕಟ್ಟೆಯಲ್ಲಿ ಇಳಿಯುತ್ತಿತ್ತು. ಅಲ್ಲಿಂದ ರೈತರೇ ಅದನ್ನು ಕೊಂಡು ತಮ್ಮ ಹೊಲಕ್ಕೆ ಒಯ್ದು ಭೂಮಿತಾಯಿಗೆ ಉಣಿಸುತ್ತಿದ್ದರು. ಭೂಮಿತಾಯಿ ಈವರೆಗೆ ತಕರಾರು ಮಾಡಿದ್ದಿಲ್ಲ.

ತಕರಾರು ಬಂದದ್ದು ಈ ವರ್ಷ, ಅದೂ ಆಕಾಶದಿಂದ. ಅಮಾವಾಸ್ಯೆ ಭಾನುವಾರ ಮಧ್ಯಾಹ್ನ ಹತ್ತಿ ಸೋಮವಾರ ಮಧ್ಯಾಹ್ನ ಇಳಿಯುತ್ತಿತ್ತು. ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರಿನಲ್ಲಿ ಹಬ್ಬ ಭಾನುವಾರ, ಬೀಜದ ಅಂಗಡಿಯವರು ಕೊಟ್ಟದ್ದರಲ್ಲಿ ಸೋಮವಾರ. ಒಂದೂರಿನಲ್ಲಿ ಮಠದ ಸ್ವಾಮಿಗಳು ಹೇಳಿದ್ದು ದಿನ, ಇನ್ನೊಂದೂರಿನಲ್ಲಿ ಗೌಡರು ಹೇಳಿದ್ದು. ಸಕ್ಕರೆ ಕಾರ್ಖಾನೆಯಿರುವ ಹವಳಗಾದಲ್ಲಿ ಯಾರ ಪಾಳಿಗೆ ಯಾವತ್ತು ರಜೆಯೋ ಅವರಿಗೆ ಅವತ್ತೇ ಅಮಾವಾಸ್ಯೆ. ಭಜ್ಜಿಪಲ್ಯವನ್ನು ಜನ ಕೊಳ್ಳುವುದು ಹಬ್ಬದ ಹಿಂದಿನ ದಿನ ಮಾತ್ರ. ಅದಕ್ಕೂ ಮುಂಚೆ ಇಳಿಸಿದರೆ ಬಾಡುತ್ತದೆ. ಹಬ್ಬದ ಮರುದಿನ ಅದನ್ನು ಆಡು ಸಹ ಯೋಚನೆ ಮಾಡಿ ತಿನ್ನುತ್ತದೆ.

ಕಟ್ಟೆಗಳಲ್ಲಿ ಪಲ್ಯ ಮಾರುವ ಹೆಂಗಸರನ್ನು ಗುರುವಾರವೇ ಕೇಳಿದ್ದಳು. "ಮಂದಿ ಹೆಂಗ ಮಾಡ್ತಾರ ಹಂಗ," ಎಂದಿದ್ದರು. ಹಾಗಾಗಿ ಇವತ್ತು, ಶುಕ್ರವಾರ, ಗಿರಣಿಗಳಿಗೆ ಫೋನು ಹಚ್ಚಿದ್ದಳು. ಸಜ್ಜೆಯ ಹಿಟ್ಟಿಗೆ ಜೋಳದ ಹಿಟ್ಟಿನ ಸಹನೆಯಿಲ್ಲ. ಬೀಸಿ ಇಟ್ಟರೆ ಬೇಗ ಕಹಿಯಾಗುತ್ತದೆ. ಗೌಡರು ಏನೇ ಹೇಳಲಿ, ಕ್ಯಾಲೆಂಡರು ಏನೇ ಅನ್ನಲಿ, ಯಾವ ಹೆಂಗಸೂ ಹಬ್ಬಕ್ಕೆ ಎರಡು ದಿನಕ್ಕಿಂತ ಮುಂಚೆ ಸಜ್ಜೆಯನ್ನು ಬೀಸಿಸುವುದಿಲ್ಲ. ಹೊಳೆಯಾಚೆಯ ನೆಲೋಗಿಯ ಗಿರಣಿಯಲ್ಲಿ ಶುಕ್ರವಾರ ನೊಣ ಹಾರುತ್ತಿತ್ತು. ಅಲ್ಲಿ ಹಬ್ಬ ಸೋಮವಾರ. ಗೊಬ್ಬೂರಿನಲ್ಲಿ ಬೇವಿನ ಗಿಡದ ತನಕ ಪಾಳಿ, ಅಲ್ಲಿ ಭಾನುವಾರ. ಇಷ್ಟು ತಿಳಿಯಲು ಯಾವ ಸ್ವಾಮಿಗಳ ಕಾಲಿಗೆ ಬೀಳಬೇಕು ಎಂದುಕೊಂಡು ಅವಳು ತನ್ನ ಬುದ್ಧಿಗೆ ತಾನೇ ಸ್ವಲ್ಪ ಖುಷಿಪಟ್ಟಳು.

"ಯಾರ್ದು ಫೋನು?" ಎಂದು ಒಳಗಿನಿಂದ ಯಾಕೂಬಸಾಬ ಕೇಳಿದ.

ಅವನಿಗೆ ಕಣ್ಣಿನ ಪೊರೆ, ಮೋತಿಬಿಂದು, ತೆಗೆಸಿ ವಾರವೂ ಆಗಿರಲಿಲ್ಲ. ಧೂಳು ಬ್ಯಾಡ, ಬಿಸಿಲು ಬ್ಯಾಡ, ಭಾರ ಎತ್ತೂದು ಬ್ಯಾಡ ಎಂದು ದವಾಖಾನೆಯವರು ಹೇಳಿದ್ದರು. ಬಾಗವಾನನಿಗೆ ಈ ಮೂರನ್ನೂ ಬಿಟ್ಟರೆ ಉಳಿಯುವುದು ಹಾಸಿಗೆ. ಕಪ್ಪು ಚಶ್ಮಾ ಹಾಕಿಕೊಂಡು ಹೊರಸಿನ ಮೇಲೆ ಕೂತರೆ ಹಳೆಯ ಸಿನಿಮಾದ ಸ್ಮಗ್ಲರನಂತೆ ಕಾಣುತ್ತಿದ್ದ. ಎರಡೂ ಕಣ್ಣು ಇನ್ನೂ ಮಸುಕಾಗಿದ್ದು, ಅವುಗಳ ಕೆಲಸವನ್ನೂ ಈಗ ಕಿವಿ ವಹಿಸಿಕೊಂಡದ್ದರಿಂದ ಮನೆಯಲ್ಲಿ ಗುಟ್ಟು ಎಂಬುದಿರಲಿಲ್ಲ.

"ಗೊಬ್ಬೂರದ ಗಿರಣಿಯವರ್ದು."

ಮನೆಯ ಮಾತು ದಖನಿ ಉರ್ದು. ಪಲ್ಯದ ಮಾತು ಬಂದರೆ ಮಾತ್ರ ಇಬ್ಬರೂ ಕನ್ನಡಕ್ಕೆ ಹೊರಳುತ್ತಿದ್ದರು. ವ್ಯಾಪಾರದ ಜಗಳಕ್ಕೆ ಬೇಕಾದ ಸಾಮಾನೆಲ್ಲ ಅದರಲ್ಲೇ ಇತ್ತು.

"ಗಿರಣಿ ಕೇಳಿ ಪಲ್ಯ ಕಳಸ್ತಾರೇನು? ಎಲ್ಲಾ ಊರಿಗೂ ಶನಿವಾರ ಇಳಸು. ನಮ್ಮಪ್ಪ ಹಂಗೇ ಮಾಡ್ತಿದ್ದ."

"ಸೋಮಾರ ಹಬ್ಬ ಮಾಡೋರು ಶನಿವಾರದ ಪಲ್ಯ ಏನ್ ಮಾಡ್ಬೇಕು?"

"ಅದು ಮಾರೋರು ನೋಡ್ಕೋತಾರ. ಇಳಿಸಿದ ಮ್ಯಾಲ ಮಾಲು ಅವರ್ದು."

ಅದು ಲೈನಿನ ರಿವಾಜು. ಟಂಟಂ ಊರೂರಿಗೆ ಹೋಗುವ ದಾರಿಗೆ ಅವರು ಲೈನು ಎನ್ನುತ್ತಿದ್ದರು. ಇಳಿಸಿದ ಮಾಲನ್ನು ಹೆಂಗಸರು ಬೇಡ ಎನ್ನುವಂತಿರಲಿಲ್ಲ, ಉಳಿದದ್ದು ಹಿಂದಕ್ಕೆ ಬರುವಂತಿರಲಿಲ್ಲ. ಬದಲಿಗೆ ಯಾಕೂಬಸಾಬ ಯಾರಿಗೂ ಮಾಲು ತಪ್ಪಿಸುತ್ತಿರಲಿಲ್ಲ. ಎರಡೇ ಕಟ್ಟು ಮೆಂತ್ಯ ಕೇಳುವ ನೆಲೋಗಿಯ ಮಾಳಮ್ಮನಿಗೂ ಎರಡು ಕಟ್ಟು ಮುಟ್ಟುತ್ತಿತ್ತು.

ಈ ಲೈನು ಈಗ ಕೈಬಿಡುವುದರಲ್ಲಿತ್ತು. ಯಾಕೂಬಸಾಬನ ತಂಗಿಯ ಮಗ ಮಸೂದ ಕಲಬುರಗಿಯ ಒಂದು ಕಂಪನಿಯಲ್ಲಿದ್ದ. ತಣ್ಣಗಿನ ಗಾಡಿ, ಫೋನಿನಲ್ಲೇ ಆರ್ಡರು, ನೀಲಿ ಕ್ರೇಟು, ಎಲ್ಲ ಇದ್ದ ಕಂಪನಿ. ಲೈನನ್ನು ಊರುಗಳ ಸಮೇತ ಅವರೇ ತೆಗೆದುಕೊಳ್ಳುತ್ತೇವೆಂದಿದ್ದರು. ತಿಂಗಳಿಗಿಷ್ಟು ಹಣವೆಂದು ಮಾಮುವಿಗೆ ಕೂತಲ್ಲಿಗೇ ಬರುವುದಿತ್ತು. ಯಾಕೂಬಸಾಬ ಹೂಂ ಎಂದಿದ್ದ. ಖುರ್ಷಿದಬೇಗಂ ಒಂದೇ ಮಾತು ಕೇಳಿದ್ದಳು: ಎಳ್ಳಮಾಸಿಯ ಮಾಲು ನಾನು ಕಳಿಸುತ್ತೇನೆ, ಸರಿಹೋದರೆ ಲೈನು ನನಗಿರಲಿ. ಮದುವೆಯಾದಾಗಿನಿಂದ ಅವಳು ಗೋಣಿತಟ್ಟು ತೊಳೆದಿದ್ದಳು, ಕಟ್ಟು ಕಟ್ಟಿದ್ದಳು, ಗಂಡ ನಮಾಜಿಗೆ ಹೋದಾಗ ಹೆಂಗಸರ ಫೋನು ಎತ್ತಿ ಅವರ ಪಲ್ಯವನ್ನೂ ಸೊಸೆಯಂದಿರನ್ನೂ ಕೇಳಿಸಿಕೊಂಡಿದ್ದಳು. ಲೈನು ಹೋದರೆ ಅವಳಿಗೆ ಉಳಿಯುವುದು ಬರೀ ಮಧ್ಯಾಹ್ನಗಳು.

ಅವತ್ತು ಸಂಜೆ ಮಸೂದ ಬಂದ. ಕಂಪನಿಯ ಅಂಗಿ, ಎದೆಯ ಮೇಲೆ ಹೂಕೋಸಿನ ಚಿತ್ರ. ಅತ್ತೆಯ ಬಾಯಿಂದ ಗಿರಣಿಯ ಕಥೆ ಕೇಳಿ ಅವನು ನಿಜಕ್ಕೂ ಬೆರಗಾದ.

"ಮುಮಾನಿ, ಇದಕ್ಕ ನಮ್ಮಲ್ಲಿ ಡಿಮಾಂಡ್ ಫೋರ್‌ಕಾಸ್ಟ್ ಅಂತಾರ. ಅದಕ್ಕಂತ ಒಬ್ಬನ್ನ ಇಟ್ಟಾರ."

"ಅವನೂ ಗಿರಣಿಗೆ ಫೋನ್ ಹಚ್ತಾನೇನು?"

"ಇಲ್ಲ. ಹೋದ ವರ್ಷ ಎಷ್ಟು ಹೋಗಿತ್ತು ಅಂತ ನೋಡ್ತಾನ."

"ಹೋದ ವರ್ಷ ಒಂದೇ ಅಮಾಸಿ ಇತ್ತಲ್ಲೋ."

ಮಸೂದ ನಕ್ಕು ಚಹಾ ಕುಡಿದ. ಹೋಗುವಾಗ ಮಾತ್ರ, "ಒಂದಕ್ಕ ಎರಡು ಸಲ ಕೇಳ್ರಿ ಮುಮಾನಿ. ನಮ್ಮವ ಸುದ್ದಾ ತಪ್ತಾನ," ಎಂದ. ಅದು ಒಳ್ಳೆಯ ಮಾತು. ಖುರ್ಷಿದಬೇಗಂ ಆಗಲೇ ಶನಿವಾರದ ಲೆಕ್ಕದಲ್ಲಿದ್ದಳು. ಗೊಬ್ಬೂರಿಗೆ ತುಂಬು ಮಾಲು, ಹವಳಗಾಕ್ಕೆ ಅರ್ಧ ಶನಿವಾರ ಅರ್ಧ ಭಾನುವಾರ, ನೆಲೋಗಿಗೆ ಭಾನುವಾರ.

ಶನಿವಾರ ಬೆಳಗಾಗುವುದರೊಳಗೆ ಟಂಟಂ ನಡೆಸುವ ಜುಬೇರ ಮಾಲು ಏರಿಸಿಕೊಂಡು ಹೋದ. ಹೊತ್ತು ಏರುತ್ತಲೇ ಹವಳಗಾದಿಂದ ಫೋನು ಬಂತು, ಪಲ್ಯ ಹೋಗುತ್ತಿದೆ, ನಾಳೆಯದೂ ಬರಲಿ ಎಂದು. ಯಾಕೂಬಸಾಬ ಒಳಗಿನಿಂದ ಕೆಮ್ಮಿದ. ಅದು ಒಪ್ಪಿಗೆಯ ಕೆಮ್ಮು ಎಂದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನದ ಅಡುಗೆಗೆ ಕೂತಾಗ ಗೊಬ್ಬೂರಿನ ಹೀರಾಬಾಯಿಯ ಫೋನು ಬಂತು.

"ಖುರ್ಷಿದಕ್ಕಾ, ಉಂಡೀಯೇನು?"

ಊಟದಿಂದ ಶುರುವಾದ ಹೀರಾಬಾಯಿಯ ಫೋನು ಒಳ್ಳೆಯದಕ್ಕಲ್ಲ.

"ಏನಾತು ಹೇಳು."

"ಏನಾಗಿಲ್ಲ. ಅದೇ ಹೇಳಾಕ ಫೋನ್ ಮಾಡೇನಿ. ಇಟ್ಟ ಪಲ್ಯ ಇಟ್ಟಲ್ಲೇ ಅದ. ನಮ್ಮೂರಾಗ ಅಮಾಸಿ ಸೋಮಾರ."

ಖುರ್ಷಿದಬೇಗಂ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಎದ್ದಳು. ಅದು ಕರಿಯುವ ವಾಸನೆ ಬಂದಾಗ ಯಾಕೂಬಸಾಬ ಹೊರಸಿನ ಮೇಲಿಂದಲೇ, "ಗೊಬ್ಬೂರನಾ?" ಎಂದ.

"ಹೌದು."

"ಇರಲಿ ಬಿಡು. ಇಳಿಸಿದ್ದು ಆಕಿದು. ನಾ ಎಷ್ಟು ಸಲ ತಪ್ಪಿಲ್ಲ?"

ಅವನು ಸಮಾಧಾನಕ್ಕೇ ಹೇಳಿದ್ದ. ಅವಳಿಗೆ ಅದು ಸಮಾಧಾನದಂತೆ ಕೇಳಲಿಲ್ಲ. ಲೈನು ಮುಗಿಸಿ ಬಂದಿದ್ದ ಜುಬೇರನಿಗೆ ಗಾಡಿ ತಿರುಗಿಸಲು ಹೇಳಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಅವನ ಪಕ್ಕದ ಹಲಗೆಯ ಮೇಲೆ ಕೂತು ಹೊರಟಳು. ಲೈನಿನ ಮೇಲೆ ಅವಳು ಹೋಗುತ್ತಿದ್ದದ್ದು ಅದೇ ಮೊದಲು. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎದುರಾದವು. ಅವಳಿಗೆ ಎಲ್ಲ ಕಡೆ ಪಲ್ಯವೇ ಕಾಣುತ್ತಿತ್ತು.

ಗೊಬ್ಬೂರಿನ ಬಸ್‌ಸ್ಟ್ಯಾಂಡಿನ ಪಕ್ಕದ ಕಟ್ಟೆಯಲ್ಲಿ ಹೀರಾಬಾಯಿ ಮಾಲಿನ ನಡುವೆ ಕಾಲು ಚಾಚಿ ಕೂತಿದ್ದಳು. ಮೆಂತ್ಯದ ಕಟ್ಟುಗಳು ತಲೆ ಬಾಗಿಸತೊಡಗಿದ್ದವು. ಕೊತ್ತಂಬರಿ ಆಗಲೇ ಶರಣಾಗಿತ್ತು.

"ಬಾ ಅಕ್ಕಾ, ಕೂಡು. ನನ್ನ ಕಾಲು ಜೋಮು ಹಿಡದಾವ, ನೀನೂ ಜರಾ ಹಿಡಸ್ಕೊ."

"ಯಾರೂ ಬಂದಿಲ್ಲೇನು?"

"ಬಂದಾರ, ಬರದೇನು. ಕನ್ಯಾ ನೋಡಾಕ ಬಂದಂಗ ಬರ್ತಾರ. ಹೊಳ್ಳಿಸಿ ನೋಡ್ತಾರ, ಚಲೋ ಅದ ಅಂತಾರ, ನಾಳೆ ಹೇಳ್ತೇವಂತ ಹೋಗ್ತಾರ."

"ಗಿರಣಿ ಮುಂದ ಪಾಳಿ ಇತ್ತಂತಲ್ಲ ನಿನ್ನೆ."

"ಇತ್ತು. ಮಹಾದೇವಪ್ಪ ಹಬ್ಬಕ್ಕ ಮಗಳ ಊರಿಗೆ ಹೊಂಟಿದ್ದ. ಶನಿವಾರ ಬಾಗಲಾ ಹಾಕ್ತೇನಿ, ಬೀಸೂದಿದ್ರ ಇವತ್ತೇ ತರ್ರಿ ಅಂತ ಓಣಿಓಣಿಗೆ ಹೇಳಿ ಬಂದಿದ್ದ. ಹಿಟ್ಟು ಕಹಿ ಆದ್ರೂ ಆಗಲಿ, ಕಲ್ಲಿನ ಮ್ಯಾಲ ಕೈಲೆ ಯಾರ ಬೀಸ್ತಾರ ಅಂತ ಎಲ್ಲಾರೂ ಹೋದ್ರು. ನಿನಗ ಹೇಳಲಿಲ್ಲೇನು ಅವ?"

"ನಾ ಯಾಕ ಅಂತ ಕೇಳಲಿಲ್ಲ."

"ನನ್ನನ್ನಾರ ಕೇಳಬೇಕಿಲ್ಲೋ."

"ಗುರುವಾರ ಕೇಳಿದಾಗ ನಿನಗೇ ಗೊತ್ತಿರಲಿಲ್ಲ."

"ಗುರುವಾರ ಗೊತ್ತಿರಲಿಲ್ಲ. ಶುಕ್ರವಾರ ಸಂಜಿಮುಂದ ಗೌಡ್ರು ಸೋಮಾರ ಅಂದ್ರು. ಸಂಜಿಮುಂದ ಯಾಕ ಕೇಳಲಿಲ್ಲ?"

ಮಸೂದ ಹೇಳಿದ್ದರೂ ಖುರ್ಷಿದಬೇಗಂ ಮತ್ತೆ ಕೇಳಿರಲಿಲ್ಲ. ಗಿರಣಿಯ ಲೆಕ್ಕ ಅವಳಿಗೆ ಅಷ್ಟು ಹಿಡಿಸಿತ್ತು. ಅವಳು ಬಗ್ಗಿ ಒಂದು ಕಟ್ಟು ಮೆಂತ್ಯ ಎತ್ತಿ ಬೇರು ನೋಡಿದಳು. ಬೇರು ಇನ್ನೂ ಹಸಿಯಾಗಿತ್ತು.

ಭಾನುವಾರ ಹಬ್ಬ ಮಾಡುವ ಊರುಗಳಿಗೆ ಮಾಲು ಆಗಲೇ ಇಳಿದಿತ್ತು. ಇದನ್ನು ಒಯ್ಯಲು ಊರಿರಲಿಲ್ಲ. ಇಲ್ಲಿಯೇ ಇಟ್ಟರೆ ನಾಳೆ ಕೊಳ್ಳುವ ಹೊತ್ತಿಗೆ ಹುಲ್ಲು. ನಾಳೆ ಹೊಸ ಮಾಲು ತಂದರೆ ಇದು ಪೂರಾ ಹೀರಾಬಾಯಿಯ ತಲೆಗೆ. ಗಂಡನಿಲ್ಲದ, ಹೊಲವಿಲ್ಲದ ಹೀರಾಬಾಯಿ ಒಂದು ವಾರ ಈ ಕಟ್ಟೆಗೆ ಬರಲಾರಳು. ಬಂದರೂ ಮುಂದಿನ ಸಲ ಖುರ್ಷಿದಬೇಗಂ ಕಳಿಸಿದ ದಿನವನ್ನು ನಂಬಲಾರಳು.

"ಮಾಲು ನಂದು," ಎಂದಳು ಖುರ್ಷಿದಬೇಗಂ.

"ಹಂಗಂದ್ರ?"

"ಮಾರಿದ್ರ ನಿಂದು, ಯಾವತ್ತಿನಂಗ. ಉಳದ್ರ ನಂದು. ದಿನ ತಪ್ಪಿದ್ದು ನಾನು."

ಹೀರಾಬಾಯಿ ಅವಳ ಮುಖ ನೋಡಿದಳು. ಪಲ್ಯದ ವ್ಯವಹಾರದಲ್ಲಿ ಇಂಥ ಮಾತನ್ನು ಅವಳು ಕೇಳಿರಲಿಲ್ಲ. ಕೇಳದ ಮಾತಿಗೆ ಮೊದಲು ಹೆದರಬೇಕೆಂಬುದು ಅವಳ ಅನುಭವ.

"ಸಾಬಣ್ಣಗ ಕೇಳೀಯೇನು?"

"ಅವರಿಗೆ ಈಗ ಕಣ್ಣು ಕಾಣಂಗಿಲ್ಲ."

"ಕಿವಿ ಅವಲ್ಲ."

"ಏಳು ಬೇ. ನೀರು ಎಲ್ಲದ ಹೇಳು."

ನೀರು ಬಸವಂತರಾಯನ ಕಬ್ಬಿನ ಹೊಲದಲ್ಲಿತ್ತು. ಊರಿನ ಅಂಚಿಗೇ ಹೊಲ. ಸಾಲುಗಳ ನಡುವಿನ ಕಾಲುವೆಯಲ್ಲಿ ಮುಂಜಾನೆ ಬಿಟ್ಟ ನೀರು ಇನ್ನೂ ಮೊಣಕೈ ಮುಳುಗುವಷ್ಟು ನಿಂತಿತ್ತು, ಮೇಲೆ ಕಬ್ಬಿನ ನೆರಳು ತಟ್ಟು ಹೊದಿಸಿದಂತೆ ಬಿದ್ದಿತ್ತು. ಮಾಲನ್ನು ಜುಬೇರ ಗಾಡಿಯಲ್ಲಿ ಬದುವಿನ ತನಕ ತಂದ. ಬದುವಿನ ಮೇಲೆ ಕೂತಿದ್ದ ಬಸವಂತರಾಯ ಮೂವರನ್ನೂ ಪಲ್ಯವನ್ನೂ ನಿಧಾನಕ್ಕೆ ನೋಡಿದ. ನೋಡುವುದಕ್ಕೆ ಅವನಿಗೆ ಹೊತ್ತಿತ್ತು. ಕಬ್ಬು ಕಡಿಯುವವರು ಇನ್ನೂ ಬಂದಿರಲಿಲ್ಲ.

"ಏನ್ರಿ ಇದು, ನಾಟಿ ಹಚ್ಚಾಕ ಬಂದೀರೇನು?"

"ಒಂದ್ ರಾತ್ರಿ ಇಡ್ತೇವ್ರಿ ಗೌಡ್ರ," ಎಂದಳು ಹೀರಾಬಾಯಿ. "ನಾಳೆ ಮುಂಜಾನಿ ಒಯ್ತೇವಿ."

"ನನ್ನ ಹೊಲದಾಗ ಇಟ್ಟು, ನನ್ನ ನೀರು ಕುಡಿಸಿ, ನಾಳೆ ನನಗೇ ಮಾರ್ತೀರಿ."

"ನಿಮಗ ಕೊಸರು ಹಾಕ್ತೇನಿ ಬಿಡ್ರಿ."

"ಹಾಕು ಹಾಕು. ಮೊದಲ ಇದೇ ಹೊಲದಾಗ ನಮ್ಮವ್ವ ಭಜ್ಜಿಗೆ ಹರಕೊಂಡು ಬರ್ತಿದ್ಳು," ಎಂದು ಹೇಳಿ, ಆ ಮಾತು ತನಗೇ ಸೇರದವನಂತೆ ಖುರ್ಷಿದಬೇಗಂ ಕಡೆ ತಿರುಗಿದ. "ಏನ್ರಿ ಬಾಯಿ, ಚಂದ್ರ ಕಂಡ್ರ ನಿಮ್ಮ ಹಬ್ಬ, ಕಾಣದಿದ್ರ ನಮ್ಮ ಹಬ್ಬ. ಎರಡ್ರಾಗೂ ದಿನದ್ದೇ ಜಗಳ ನೋಡ್ರಿ."

"ನಮ್ಮ ಚಂದ್ರ ರಾತ್ರಿ ಕಾಣ್ತಾನ್ರಿ ಗೌಡ್ರ. ನಿಮ್ದು ಶುಕ್ರವಾರ ಸಂಜಿಮುಂದ ಗೊತ್ತಾಗ್ತದ," ಎಂದಳು ಖುರ್ಷಿದಬೇಗಂ, ಮೊಣಕಾಲಿನ ತನಕ ಸೀರೆ ಸಿಕ್ಕಿಸಿ ಕಾಲುವೆಗೆ ಇಳಿಯುತ್ತ.

ಬಸವಂತರಾಯ ನಕ್ಕ. ದಿನ ಹೇಳಿದ ಗೌಡರು ಬೇರೆ, ಅವರಿಗೂ ಅವನಿಗೂ ಆಗಿಬರುತ್ತಿರಲಿಲ್ಲ.

ಕಟ್ಟುಗಳ ಹುರಿ ಸಡಿಲಿಸಿ, ಬೇರು ನೀರಿಗೆ, ತಲೆ ಮೇಲಕ್ಕೆ ಮಾಡಿ ಸಾಲಾಗಿ ನಿಲ್ಲಿಸಿದರು. ಹಸಿಕಡಲೆ, ತೊಗರಿಕಾಯಿಗಳನ್ನು ತೊಯ್ದ ತಟ್ಟಿನ ಮೇಲೆ ಹರಡಿದರು. ಕೊತ್ತಂಬರಿಯನ್ನು ನೀರಿಗಿಡುವುದೋ ಬಿಡುವುದೋ ಎಂದು ಖುರ್ಷಿದಬೇಗಂ ಯೋಚಿಸುತ್ತಿರುವಾಗ ಹೀರಾಬಾಯಿ ಅದನ್ನು ತನ್ನ ಆಡಿಗೆಂದು ಮಡಿಲಿಗೆ ಹಾಕಿಕೊಂಡಳು. ಕೆಲಸ ಮುಗಿದಾಗ ಕಬ್ಬಿನ ಬುಡದಲ್ಲಿ ಮೆಂತ್ಯ, ಪಾಲಕ ಹುಟ್ಟಿಬಂದಂತೆ ಕಾಣುತ್ತಿತ್ತು. ಬಸವಂತರಾಯ ಬದುವಿನಿಂದ ಎದ್ದು ಬಂದು, ಯಾರೂ ಹೇಳದಿದ್ದರೂ, ಬಾಗಿದ ಎರಡು ಕಟ್ಟುಗಳನ್ನು ನೆಟ್ಟಗೆ ಮಾಡಿ ಹೋದ.

ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಯಾಕೂಬಸಾಬ ದೀಪ ಹಾಕಿಸಿರಲಿಲ್ಲ. ಅವನಿಗೆ ಬೇಕಿರಲಿಲ್ಲ.

"ಉಳಿದದ್ದು ನಮ್ದು ಅಂದ್ಯಂತ."

"ಅಂದೆ."

"ನಮ್ಮಪ್ಪನ ಕಾಲದಿಂದ ಇಳಿಸಿದ ಮಾಲು ಹೊಳ್ಳಿ ಗಾಡಿ ಹತ್ತಿಲ್ಲ."

"ಹತ್ತಿಲ್ಲ. ನೀರಾಗ ನಿಂತದ."

"ಚಾಷ್ಟಿ ಬ್ಯಾಡ. ಇವತ್ತ ಹೀರಾಬಾಯಿ, ನಾಳೆ ಮಾಳಮ್ಮ, ನಾಡದ ಎಲ್ಲಾರೂ. ಬಾಡಿದ್ದೆಲ್ಲ ಬಾಗವಾನಂದು ಅಂತಾರ. ಲೈನು ನಿಂದ್ರೂದು ಹೆಂಗ?"

ಅವನ ಮಾತು ತಪ್ಪಲ್ಲವೆಂದು ಅವಳಿಗೆ ಗೊತ್ತಿತ್ತು. ಕಾಲಿನ ಕೆಸರು ತೊಳೆದು ಅವನ ಕಣ್ಣಿಗೆ ಔಷಧದ ಹನಿ ಹಾಕಿದಳು. ಹನಿ ಹಾಕುವ ತನಕ ಅವನು ಜಗಳ ನಿಲ್ಲಿಸಿದ್ದ. ಹಾಕಿದ ಮೇಲೆ, "ಸೋಮಾರ ಮಸೂದ ಕಂಪನಿ ಕಾಗದ ತರ್ತಾನ," ಎಂದಷ್ಟೇ ಅಂದ.

ಭಾನುವಾರ ನೆಲೋಗಿಯ ಮಾಲು ಏರಿಸಿ ಕಳಿಸುವಾಗ ಖುರ್ಷಿದಬೇಗಂ ಮಾಳಮ್ಮನಿಗೆ ಎರಡು ಸಲ ಫೋನು ಮಾಡಿ ಹಬ್ಬ ನಾಳೆಯೇ ಹೌದೋ ಎಂದು ಕೇಳಿದಳು. "ನನ್ನ ಮದಿವಿ ದಿನಾನೂ ಇಷ್ಟು ಸಲ ಯಾರೂ ಕೇಳಿದ್ದಿಲ್ಲ," ಎಂದಳು ಮಾಳಮ್ಮ. ಗೊಬ್ಬೂರಿನಿಂದ ಸುದ್ದಿ ತುಣುಕು ತುಣುಕಾಗಿ ಬಂತು. ಮೆಂತ್ಯ ತಲೆ ಎತ್ತಿ ನಿಂತಿತ್ತು. ಪಾಲಕ ಅರ್ಧ ಹಳದಿಯಾಗಿತ್ತು. ಕಾಳೆಲ್ಲ ಚೊಕ್ಕ ಇದ್ದವು, ಆದರೆ ಒಂದು ತಟ್ಟನ್ನು ರಾತ್ರಿ ಹಂದಿ ಎಳೆದಿತ್ತು. ಬಸವಂತರಾಯ ಕೊಸರು ಬಿಡದೆ ಕೇಳಿ ಇಸಿದುಕೊಂಡ. ಸಂಜೆ ಜುಬೇರ ಉಳಿದದ್ದನ್ನು ಚೀಲದಲ್ಲಿ ತುಂಬಿ ತಂದು ಅಂಗಳದಲ್ಲಿ ಇಳಿಸಿದ. ಬಹಳ ಇರಲಿಲ್ಲ. ಇಲ್ಲವೆನ್ನುವಷ್ಟು ಕಡಿಮೆಯೂ ಇರಲಿಲ್ಲ.

ಸೋಮವಾರ ಊರಿಗೆ ಊರೇ ಹೊಲದಲ್ಲಿತ್ತು. ಮಸೂದನಿಗೂ ದಾರಿಯಲ್ಲಿ ಗೆಳೆಯರ ಹೊಲವೊಂದು ಅಡ್ಡ ಬಂದು, ಹೊಟ್ಟೆ ತುಂಬ ಕಡುಬು ತಿಂದು ಸಂಜೆ ಹೊತ್ತಿಗೆ ತೂಕಡಿಸುತ್ತ ಬಂದ. ಕಾಗದಗಳನ್ನು ಹೊರಸಿನ ಮೇಲೆ ಇಟ್ಟ. ಖುರ್ಷಿದಬೇಗಂ ಚಾಪೆಯ ಮೇಲೆ ಗೊಬ್ಬೂರಿನ ಚೀಲ ಸುರುವಿ, ಬಾಡಿದ್ದು ಒಂದು ಕಡೆ, ಬದುಕಿದ್ದು ಒಂದು ಕಡೆ ಮಾಡುತ್ತಿದ್ದಳು.

"ಎಷ್ಟು ಹೋತು?" ಎಂದು ಯಾಕೂಬಸಾಬ ಕೇಳಿದ.

"ಕೊತ್ತಂಬರಿ ಪೂರಾ. ಪಾಲಕ ಅರ್ಧ. ಒಂದ್ ತಟ್ಟು ಹಂದಿ ತಿಂತು."

ಮುಚ್ಚಿಟ್ಟು ಹೇಳುತ್ತಾಳೆಂದು ಅವನು ಕಾದಿದ್ದಿರಬೇಕು. ಅಷ್ಟರಲ್ಲಿ ಫೋನು ಬಂತು. ನೆಲೋಗಿಯ ಮಾಳಮ್ಮನದು. ಕೈಯಲ್ಲಿ ಪಲ್ಯವಿದ್ದದ್ದರಿಂದ ಖುರ್ಷಿದಬೇಗಂ ಅದನ್ನು ಚಾಪೆಯ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಹಚ್ಚಿದಳು.

"ಯವ್ವಾ, ಗೊಬ್ಬೂರದಾಕಿದು ಉಳಿದದ್ದು ನೀನೇ ತಗೊಂಡ್ಯಂತಲ್ಲ. ಚಲೋ ಮಾಡಿದಿ. ನನ್ನಲ್ಲೂ ಅರ್ಧ ಬುಟ್ಟಿ ಬದನಿಕಾಯಿ ಉಳದಾವ."

ಕಪ್ಪು ಚಶ್ಮಾದ ಹಿಂದೆ ಯಾಕೂಬಸಾಬ ಹುಬ್ಬು ಏರಿಸಿದ್ದು ಮಸೂದನಿಗೂ ಕಂಡಿತು. ಹೇಳಿದ್ದು ನಿಜವಾಗುವುದರ ಸಂತೋಷ ಅವನಿಗೆ ಸಾಕಷ್ಟು ಬೇಗ ಸಿಕ್ಕಿತ್ತು.

"ನಿಮ್ಮೂರಾಗ ಹಬ್ಬ ಇವತ್ತೇ ಆತಲ್ರಿ?" ಎಂದಳು ಖುರ್ಷಿದಬೇಗಂ.

"ಇವತ್ತೇ ಆತು."

"ಮಾಲು ನಿನ್ನೆ ಬರೋಬ್ಬರಿ ಮುಟ್ಟಿತ್ತಲ್ರಿ?"

"ಮುಟ್ಟಿತ್ತವ್ವ, ಸುಳ್ಳ್ಯಾಕ ಹೇಳ್ಲಿ."

"ಬದನಿಕಾಯಿ ಒಂದೇ ಬುಟ್ಟಿ ಸಾಕು ಅಂದಿದ್ದೆ. ಇನ್ನೊಂದು ಇಳಸು ಅಂದೋರು ಯಾರ್ರಿ?"

ಆ ಕಡೆ ಮಾಳಮ್ಮ ಗಂಟಲು ಸರಿಮಾಡಿಕೊಂಡಳು. "ನಾನೇ ಅಂದೆ."

"ದಿನ ತಪ್ಪಿದ್ರ ನಂದು. ಅಳತಿ ತಪ್ಪಿದ್ರ ನಿಮ್ದು."

ಫೋನಿನಲ್ಲಿ ಬುಟ್ಟಿ ಪಕ್ಕಕ್ಕೆ ಸರಿಸಿದ ಸದ್ದು ಕೇಳಿತು.

"ಸಾಬಣ್ಣಗಿಂತ ಗಟ್ಟಿ ಅದಿ ನೀ," ಎಂದಳು ಮಾಳಮ್ಮ. "ಇರಲಿ, ಎಣಗಾಯಿ ಮಾಡ್ಕೊಂಡು ನಾವೇ ತಿಂತೇವಿ. ಅವ ತಪ್ಪಿದ ದಿನಾನೂ ನಮ್ಮ ತಲಿಗೇ ಕಟ್ತಿದ್ದ ನೋಡು. ಹಂಗಾರ ಗುರುವಾರ ಪುಂಡಿಪಲ್ಯ ಹಾಕು. ನಾಕು ಕಟ್ಟು. ಬ್ಯಾಡ, ಮೂರೇ ಹಾಕು."

"ಮೂರು."

"ಸಾಬಣ್ಣನ ಕಣ್ಣು ಹೆಂಗದಾವ?"

"ಅದಾವ. ಇಲ್ಲೇ ಕೂತು ಕೇಳಾಕತ್ತಾರ."

ಮಾಳಮ್ಮ ಗಾಬರಿಯಾಗಿ ಫೋನು ಇಟ್ಟಳು. ಮಸೂದ ನಗು ತಡೆಯಲು ಕಾಗದಗಳನ್ನು ಎತ್ತಿ ಸಮ ಮಾಡಿದ.

"ಮಾಮು, ಓದಿ ಹೇಳ್ಲೇನು? ಇಲ್ಲಿ ಸಹಿ ಅದ."

ಯಾಕೂಬಸಾಬ ಕೈಚಾಚಿ ಕಾಗದವನ್ನು ಸವರಿದ. "ಕಾಣದ ಕಾಗದಕ್ಕ ಸಹಿ ಮಾಡಬಾರದೋ. ಕಣ್ಣು ಬರಲಿ."

"ಕಣ್ಣು ಬರೂದು ಇನ್ನೂ ತಿಂಗಳ ಆಗ್ತದಲ್ಲ."

"ಆಗಲಿ. ಚಹಾ ಕುಡಿ."

ಮಸೂದ ಮುಮಾನಿಯ ಕಡೆ ನೋಡಿದ. ಅವಳು ಪಲ್ಯ ಆರಿಸುತ್ತಲೇ ಇದ್ದಳು. ಅವನು ಕಾಗದ ಮಡಚಿ ಹೂಕೋಸಿನ ಚಿತ್ರದ ಹಿಂದಿನ ಜೇಬಿಗೆ ಹಾಕಿಕೊಂಡು ಒಳಗೆ ಹೋಗಿ ಚಹಾಕ್ಕೆ ತಾನೇ ನೀರಿಟ್ಟ.

"ಗುರುವಾರದ ಪುಂಡಿ ಯಾವ ತೋಟದ್ದು ತರಸ್ತಿ?" ಎಂದು ಯಾಕೂಬಸಾಬ ಕೇಳಿದ.

"ಇನ್ನಾ ನೋಡಿಲ್ಲ."

"ಹೂಂ."

ಅವನು ಹೊರಸಿನಿಂದ ಕಾಲು ಇಳಿಬಿಟ್ಟು, ನೆಲ ಸಿಕ್ಕ ಮೇಲೆ ನಿಧಾನಕ್ಕೆ ಚಾಪೆಯ ಅಂಚಿಗೆ ಬಂದು ಕೂತ. ಕೈಯಾಡಿಸಿ ಒಂದು ಹಿಡಿ ಪಾಲಕ ತನ್ನ ಕಡೆ ಎಳೆದುಕೊಂಡ. ಎಲೆ ಎಲೆಯನ್ನೂ ಹೆಬ್ಬೆರಳಿನಿಂದ ಸವರಿ, ಮೆತ್ತಗಾದದ್ದನ್ನು ಎಡಕ್ಕೆ, ಬಿರುಸಾಗಿದ್ದದ್ದನ್ನು ಬಲಕ್ಕೆ ಹಾಕತೊಡಗಿದ. ಬಲಗಡೆಯ ಗುಡ್ಡೆ ಹಸಿರಾಗಿ ಬೆಳೆಯಿತು. ನಡುವೆ ಒಂದು ಎಲೆ ಬಿರುಸಾಗಿಯೇ ಇತ್ತು, ಬಣ್ಣ ಮಾತ್ರ ಪೂರಾ ಹಳದಿ. ಅವನು ಅದನ್ನು ಸವರಿ ನೋಡಿ, ಇನ್ನೊಮ್ಮೆ ಸವರಿ, ಹಸಿರಿನ ಮೇಲೆ ಹಾಕಿದ. ಚಹಾದ ಕಪ್ಪು ತಂದ ಮಸೂದ ಅದನ್ನು ತೆಗೆಯಲು ಬಗ್ಗಿದ. ಖುರ್ಷಿದಬೇಗಂ ಬಿಡು ಎಂಬಂತೆ ಅವನ ಕಡೆ ನೋಡಿದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.